ಸೈನ್ಯ ತುಳಿದ ಮರುಭೂಮಿ, ನಮ್ಮೂರ ಮಾಳ: ಒಂದು ಅಭ್ಯಾಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಬಾಲ್ಯದ ನೆನಪುಗಳನ್ನೇ ಬರೆಯಬಹುದೆಂದು ಮೊದಲು ಅನಿಸಿತು. ಆದರೆ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ನಾನು ಆಯುಷ್ಯವನ್ನೆಲ್ಲ ಭೂಗೋಲ ಕಲಿಸುವುದರಲ್ಲಿ ಕಳೆದವನು. ಆದ್ದರಿಂದ ಗುರುಹಿರಿಯರ ಕ್ಷಮೆ ಕೋರಿ ಇಲ್ಲಿಯೂ ಒಂದು ಪಾಠವನ್ನೇ ಹೇಳುತ್ತೇನೆ. ವಿಷಯವು ಸೈನ್ಯದ ತಾಲೀಮಿನಿಂದ ಕೆಟ್ಟ ಮರುಭೂಮಿಯನ್ನು ಪರೀಕ್ಷಿಸುವುದು ಮತ್ತು ಅದನ್ನು ಮರಳಿ ಬದುಕಿಸುವುದು.

ವಾಗದರಿಯ ಮಂದಿಗೆ ರಾಜಸ್ಥಾನದ ಉಸುಕಿನ ಗೊಡವೆ ಯಾಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಮ್ಮ ಅಕ್ಕಲಕೋಟ ತಾಲೂಕಿನ ಕನ್ನಡ ಹಳ್ಳಿಗಳಿಂದ ಸೈನ್ಯಕ್ಕೆ ಹೋದ ತರುಣರು ಇದ್ದಾರೆ. ಅವರ ಪತ್ರಗಳಲ್ಲಿ ಬಿಕಾನೇರ, ಜೈಸಲಮೇರ, ಪೋಖರಣ ಎಂಬ ಹೆಸರುಗಳನ್ನು ಮನೆಯ ತಾಯಂದಿರು ಓದಿಸಿ ಕೇಳಿದ್ದಾರೆ. ಅದು ಒಂದು ಕಾರಣ. ಎರಡನೆಯ ಕಾರಣ ಒಂದು ಹಕ್ಕಿ, ಅದರ ಮಾತು ಮುಂದೆ ಬರುತ್ತದೆ. ಮೂರನೆಯದು ನಮ್ಮ ಊರ ಸುತ್ತಲಿನ ಮಾಳ. ಬೋರಿ ಹೊಳೆಯ ದಂಡೆಯ ಎರಿ ಭೂಮಿಯನ್ನು ಬಿಟ್ಟು ಮೇಲೆ ಏರಿದರೆ ಸಿಗುವ ಮುರುಮಿನ ನೆಲ, ಕುರಿಯವರ ಹಾದಿ, ಗಾಯರಾಣ. ಈ ನೆಲವನ್ನು ಅರಿಯಲು ಮರುಭೂಮಿಯ ಪಾಠವು ಬಹಳ ಸಹಾಯ ಮಾಡುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಮರುಭೂಮಿ ಎಂದರೆ ಏನೂ ಇಲ್ಲದ ಭೂಮಿಯಲ್ಲ. ಜೈಸಲಮೇರದಲ್ಲಿ ವರ್ಷಕ್ಕೆ 200 ಮಿಲಿಮೀಟರಿಗಿಂತ ಕಡಿಮೆ ಮಳೆ. ನಮ್ಮಲ್ಲಿ ಅದು 600ರ ಆಸುಪಾಸು. ಆದರೂ ಅಲ್ಲಿ ಸೇವಣ ಎಂಬ ಹುಲ್ಲು ಬುಡ್ಡಿ ಬುಡ್ಡಿಯಾಗಿ ಬೆಳೆದು ದನಗಳನ್ನು ಸಾಕುತ್ತದೆ. ಫೋಗ್ ಎಂಬ ಕಂಟಿ ಉಸುಕಿನಲ್ಲಿ ಬೇರು ಬಿಟ್ಟು ದಿಬ್ಬವನ್ನು ಹಿಡಿದು ನಿಲ್ಲಿಸುತ್ತದೆ. ಅವರು ಪೂಜಿಸುವ ಖೇಜಡಿ ಮರವೆಂದರೆ ಬೇರಾವುದೂ ಅಲ್ಲ, ನಾವು ದಸರೆಯಲ್ಲಿ ಬಂಗಾರವೆಂದು ಕೊಟ್ಟು ಕೊಳ್ಳುವ ಬನ್ನಿ. ಪಾಂಡವರು ಆಯುಧಗಳನ್ನು ಇಟ್ಟದ್ದೂ ಅದೇ ಮರದ ಮೇಲೆ ಎನ್ನುತ್ತಾರೆ. ಅದೇ ಮರಕ್ಕಾಗಿ 1730ರಲ್ಲಿ ಜೋಧಪುರದ ಹತ್ತಿರದ ಖೇಜಡಲಿಯಲ್ಲಿ ಅಮೃತಾದೇವಿಯೂ ಸೇರಿ 363 ಜನ ಬಿಷ್ಣೋಯಿಗಳು ಪ್ರಾಣ ಕೊಟ್ಟರು.

ಇಂಥ ನೆಲವನ್ನು ಸೈನ್ಯವು ತಾಲೀಮಿಗೆ ಆರಿಸಿಕೊಳ್ಳುವುದು ಸಹಜ. ವಿಸ್ತಾರವಾದ ಬಯಲು, ವಿರಳ ವಸತಿ, ಗಡಿಯ ಸಾಮೀಪ್ಯ. ಪೋಖರಣದ ಗುಂಡಿನ ಮೈದಾನವನ್ನು 1974ರ ಮೇ 18ರ ಮತ್ತು 1998ರ ಮೇ 11, 13ರ ಅಣುಪರೀಕ್ಷೆಗಳಿಂದ ಎಲ್ಲರೂ ಬಲ್ಲರು. ಬಿಕಾನೇರ ಜಿಲ್ಲೆಯ ಮಹಾಜನ ಮೈದಾನ ಇನ್ನೊಂದು. ಜೈಸಲಮೇರದ ಹತ್ತಿರದ ಚಾಂಧಣದಲ್ಲಿ ವಾಯುಸೇನೆಯವರು ಬಾಂಬು ಹಾಕುವ ಅಭ್ಯಾಸ ಮಾಡುತ್ತಾರೆ. 1986–87ರ ‘ಬ್ರಾಸ್‌ಟ್ಯಾಕ್ಸ್’ ಎಂಬ ಮಹಾ ಕವಾಯತು ನಡೆದದ್ದೂ ಇದೇ ರಾಜಸ್ಥಾನದ ಬಯಲಿನಲ್ಲಿ. ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಅಹಮದನಗರ (ಈಗಿನ ಅಹಿಲ್ಯಾನಗರ) ಇದೆ. ಅಲ್ಲಿ ರಣಗಾಡಿ ದಳದ ಶಿಕ್ಷಣ ಕೇಂದ್ರವಿದ್ದು, ಖಾರೆ ಕರ್ಜುನೆಯ ಕಡೆಯ ಕೆ.ಕೆ. ರೇಂಜಿನಲ್ಲಿ ಟ್ಯಾಂಕುಗಳು ಓಡುತ್ತವೆ. ಅದು ಮರುಭೂಮಿಯಲ್ಲ, ನಮ್ಮಂತೆಯೇ ಮಳೆಯ ನೆರಳಿನ ಸೀಮೆ. ದೇಶರಕ್ಷಣೆಗೆ ತಾಲೀಮು ಬೇಕೇ ಬೇಕು. ಅದರ ಬಗ್ಗೆ ನನಗೆ ತಕರಾರಿಲ್ಲ. ಈ ಮೈದಾನಗಳಿಗಾಗಿ ಊರು ಬಿಟ್ಟು ಹೋದ ಹಳ್ಳಿಗರ ತ್ಯಾಗವನ್ನು ಮಾತ್ರ ನಾವು ಸೈನಿಕರ ತ್ಯಾಗದಷ್ಟು ನೆನೆಯುವುದಿಲ್ಲ.

ಈಗ ಮಣ್ಣಿಗೆ ಏನಾಗುತ್ತದೆಂಬುದನ್ನು ನೋಡೋಣ. ಮರುಭೂಮಿಯ ಮೇಲ್ಪದರವು ನೋಡಲು ಸತ್ತಂತೆ ಇದ್ದರೂ ಅದರಲ್ಲಿ ಜೀವವಿದೆ. ಕಣ್ಣಿಗೆ ಕಾಣದ ನೀಲಹಸಿರು ಪಾಚಿಯ ಎಳೆಗಳು, ಕಲ್ಲುಹೂವಿನ ಜಾತಿಯ ಸಣ್ಣ ಜೀವಿಗಳು ಉಸುಕಿನ ಕಣಗಳನ್ನು ನೂಲಿನಿಂದ ಹೊಲಿದಂತೆ ಕಟ್ಟಿರುತ್ತವೆ. ಹಾಲಿನ ಮೇಲಿನ ಕೆನೆಯಂತೆ ಅದೊಂದು ತೆಳುವಾದ ಪದರ. ಕೆಲವು ಕಡೆ ಸಣ್ಣ ಹರಳುಗಲ್ಲುಗಳು ಒತ್ತಾಗಿ ಕುಳಿತು ನೆಲಕ್ಕೆ ಕವಚವಾಗಿರುತ್ತವೆ. ಈ ಕೆನೆಯೂ ಕವಚವೂ ಇರುವ ತನಕ ಗಾಳಿಗೆ ಮಣ್ಣು ಸಿಗುವುದಿಲ್ಲ. ಒಡೆದರೆ ಮೇ-ಜೂನಿನ ಆಂಧಿ ಅದನ್ನು ಎತ್ತಿಕೊಂಡು ಹೋಗುತ್ತದೆ.

ಟ್ಯಾಂಕಿನ ಭಾರವೇ ಎಲ್ಲ ಹಾನಿಗೂ ಮೂಲವೆಂದು ಸಾಮಾನ್ಯರು ಭಾವಿಸುತ್ತಾರೆ. ನಾನೂ ಬಹಳ ದಿವಸ ಹಾಗೆಯೇ ಕಲಿಸಿದೆ. ಟಿ-72 ಜಾತಿಯ ಗಾಡಿಯ ತೂಕ ನಾಲ್ವತ್ತು ಟನ್ನಿಗೂ ಮೇಲೆ ಎಂಬುದು ನಿಜ. ಆದರೆ ಆ ಭಾರವು ಉದ್ದವಾದ ಎರಡು ಪಟ್ಟಿಗಳ ಮೇಲೆ ಹರಡಿರುವುದರಿಂದ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡವು ನಿಂತ ಎತ್ತಿನ ಗೊರಸಿನ ಒತ್ತಡಕ್ಕಿಂತ ಹೆಚ್ಚಲ್ಲ! ನಿಜವಾದ ಹಾನಿ ಮೂರು ರೀತಿಯದು. ಗಾಡಿ ತಿರುಗುವಾಗ ಪಟ್ಟಿಯು ನೆಲವನ್ನು ಕುಂಟಿ ಹರಗಿದಂತೆ ಅಡ್ಡಕ್ಕೆ ಹರಿದು ಹುಲ್ಲಿನ ಬುಡವನ್ನೇ ಕೀಳುತ್ತದೆ. ಒಂದೇ ಹಾದಿಯಲ್ಲಿ ಮತ್ತೆ ಮತ್ತೆ ಓಡುವುದರಿಂದ, ಅದರ ನಡುಕದಿಂದ, ಒಳಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಇನ್ನು ಹಸಿ ನೆಲದ ಮೇಲೆ ಓಡಿದರಂತೂ ಕೆಡುಕು ಇಮ್ಮಡಿಯಾಗುತ್ತದೆ. ಹಸಿ ಎರಿಯನ್ನು ತುಳಿಯಬಾರದೆಂದು ನಮ್ಮ ಹಿರಿಯರು ಗಳೆ ಹೂಡದೆ ಕಾಯುತ್ತಿದ್ದುದು ಇದೇ ಶಾಸ್ತ್ರ.

ಎರಿ ಭೂಮಿಗೂ ಉಸುಕಿಗೂ ಇಲ್ಲಿ ಒಂದು ದೊಡ್ಡ ಅಂತರವಿದೆ. ನಮ್ಮ ಎರಿಯು ಬೇಸಿಗೆಯಲ್ಲಿ ಬಿರಿದು, ಮಳೆಗಾಲದಲ್ಲಿ ಉಬ್ಬಿ, ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಗಟ್ಟಿಯಾದುದು ಕೆಲವು ವರ್ಷಗಳಲ್ಲಿ ಸಡಿಲವಾಗುತ್ತದೆ. ಮರಳಿಗೂ ಮುರುಮಿಗೂ ಆ ಗುಣವಿಲ್ಲ. ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ಅಮೆರಿಕದ ಮೊಹಾವೆ ಮರುಭೂಮಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರ ವರೆಗೆ, ಜನರಲ್ ಪ್ಯಾಟನ್ ಆರಂಭಿಸಿದ ತಾಲೀಮು ಕೇಂದ್ರದಲ್ಲಿ ಸುಮಾರು ಹತ್ತು ಲಕ್ಷ ಸೈನಿಕರು ಕಲಿತು ಹೋದರು. ಎರಡೇ ವರ್ಷದ ಕೆಲಸ. ಎಂಟು ದಶಕಗಳು ಕಳೆದ ಮೇಲೂ ಆ ಟ್ಯಾಂಕುಗಳ ಗಾಲಿಜಾಡು ಅಲ್ಲಿ ಕಾಣುತ್ತದೆ. ಅಲ್ಲಿ ಗಟ್ಟಿಯಾದ ಮಣ್ಣು ತಾನಾಗಿ ಸಡಿಲಗೊಳ್ಳಲು ಸುಮಾರು ನೂರು ವರ್ಷ ಬೇಕೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 1991ರ ಕೊಲ್ಲಿ ಯುದ್ಧದಲ್ಲಿ ಕುವೈತಿನ ಹರಳುಗಲ್ಲಿನ ಕವಚ ಒಡೆದು, ತಳದಲ್ಲಿ ಬಂಧಿಯಾಗಿದ್ದ ಉಸುಕು ಬಿಡುಗಡೆಯಾಗಿ ಅಲೆಯತೊಡಗಿತು. ಇದೂ ಅದೇ ಜಾತಿಯ ಗಾಯ.

ಇಲ್ಲಿಯವರೆಗೆ ಓದಿದವರು ಸೈನ್ಯದ ಮೈದಾನವೆಂದರೆ ನಾಶವೊಂದೇ ಎಂದುಕೊಳ್ಳಬಹುದು. ಆದರೆ ಮಾತು ಅಷ್ಟು ಸರಳವಾಗಿಲ್ಲ. ಇಲ್ಲಿ ನಮ್ಮ ಸೋಲಾಪುರದ ಹಕ್ಕಿ ಬರುತ್ತದೆ. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತ. ಆಳಿನ ಸೊಂಟದೆತ್ತರದ ಈ ದೊಡ್ಡ ಹಕ್ಕಿ ಬಯಲ ಹುಲ್ಲಿನಲ್ಲಿ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ತತ್ತಿ ಇಡುತ್ತದೆ. 1970ರ ದಶಕದ ಆರಂಭದಲ್ಲಿ ಸೋಲಾಪುರದ ಪಕ್ಷಿಪ್ರೇಮಿ ಬಿ. ಎಸ್. ಕುಲಕರ್ಣಿಯವರು ನಾನ್ನಜದ ಮಾಳದಲ್ಲಿ ಇವುಗಳನ್ನು ಗುರುತಿಸಿದರು. 1972ರ ಭೀಕರ ಬರವನ್ನು ಕಂಡ ಹಿರಿಯರಿಗೆ ಅದೆಂಥ ಕಾಲವೆಂದು ಹೇಳಬೇಕಾಗಿಲ್ಲ. ಬರದ ಬೆನ್ನಿಗೆ ಅವರ್ಷಣ ಪೀಡಿತ ಪ್ರದೇಶದ ಯೋಜನೆ ಬಂದು, ನಾನ್ನಜದಲ್ಲಿ ಮಾಳದ ಕೆಲವು ತುಂಡುಗಳಿಗೆ ಬೇಲಿ ಹಾಕಿ ದನಕುರಿಗಳನ್ನು ತಡೆದರು. ಒಳಗೆ ಹುಲ್ಲು ಎದ್ದಿತು. ಹಕ್ಕಿ ಬಂದು ತತ್ತಿಯಿಟ್ಟಿತು. 1979ರಲ್ಲಿ ಅಭಯಾರಣ್ಯವೆಂದು ಸಾರಿದರು. 8,496 ಚದರ ಕಿಲೋಮೀಟರು ಎಂಬ ಅದರ ವಿಸ್ತಾರದಲ್ಲಿ ಊರುಗಳು, ಹೊಲಗಳು, ರಸ್ತೆಗಳು ಎಲ್ಲವೂ ಸೇರಿದ್ದವು. ಜನರ ಅಸಮಾಧಾನ, ಕೋರ್ಟು ಕಚೇರಿಗಳ ತರುವಾಯ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಈ ನಡುವೆ ಕಬ್ಬು, ದ್ರಾಕ್ಷಿ, ರಸ್ತೆ, ವಿದ್ಯುತ್ತಂತಿಗಳು ಮಾಳವನ್ನು ನುಂಗಿದವು. ಈಗ ನಾನ್ನಜದಲ್ಲಿ ಮಾಳಢೋಕ ಕಾಣುವುದೇ ಅಪರೂಪ.

ಹಾಗಾದರೆ ಉಳಿದ ಹಕ್ಕಿಗಳೆಲ್ಲಿ? ದೇಶದಲ್ಲಿ ಒಟ್ಟು ನೂರೈವತ್ತರ ಆಸುಪಾಸಿನಲ್ಲಿ ಉಳಿದಿವೆ ಎನ್ನುತ್ತಾರೆ. ಅವುಗಳಲ್ಲಿ ಬಹುಭಾಗ ಜೈಸಲಮೇರ ಜಿಲ್ಲೆಯಲ್ಲಿ; ಅಲ್ಲಿಯೂ ಎರಡು ನೆಲೆಗಳು ಮುಖ್ಯ. ಒಂದು ಮರುಭೂಮಿ ರಾಷ್ಟ್ರೀಯ ಉದ್ಯಾನ, ಇನ್ನೊಂದು ಪೋಖರಣದ ಗುಂಡಿನ ಮೈದಾನ! ತೋಫು ಹಾರುವ ನೆಲದಲ್ಲಿ ಹಕ್ಕಿ ಬದುಕಿದೆ. ಅಲ್ಲಿ ಉಳುಮೆಯಿಲ್ಲ, ಕೊಳವೆಬಾವಿಯಿಲ್ಲ, ವಸತಿಯಿಲ್ಲ. ವರ್ಷದಲ್ಲಿ ಕೆಲವು ದಿನ ಸಿಡಿಮದ್ದಿನ ಸದ್ದು. ಉಳಿದ ದಿನ ಹುಲ್ಲು ತನ್ನಷ್ಟಕ್ಕೆ ತಾನಿರುತ್ತದೆ. ನಾವು ನಾಗರಿಕರು ಕಬ್ಬು ಹಚ್ಚಿ ಮಾಡಿದ ಹಾನಿಯಷ್ಟು ಸೈನ್ಯವು ತೋಫು ಹಾರಿಸಿ ಮಾಡಲಿಲ್ಲವೆಂಬುದು ಕಹಿಯಾದರೂ ನುಂಗಬೇಕಾದ ಮಾತು. 2019ರಿಂದ ಜೈಸಲಮೇರ ಜಿಲ್ಲೆಯ ಸಮ್‌ನಲ್ಲಿ ಈ ಹಕ್ಕಿಯ ತತ್ತಿಗಳನ್ನು ತಂದು ಕಾವು ಕೊಟ್ಟು ಮರಿ ಮಾಡುವ ಕೆಲಸ ನಡೆದಿದೆ. ಆ ಮರಿಗಳನ್ನು ನಾಳೆ ಬಿಡುವುದಕ್ಕೆ ಹುಲ್ಲಿನ ನೆಲ ಬೇಕಲ್ಲ! ಮೈದಾನದ ಹುಲ್ಲನ್ನು ಕಾಪಾಡುವ ಪ್ರಶ್ನೆಯು ಈ ಕಾರಣದಿಂದ ಇನ್ನಷ್ಟು ಮಹತ್ವದ್ದು.

ನೆಲ ಕೆಟ್ಟಿದೆಯೋ ಸುಧಾರಿಸಿದೆಯೋ ಎಂದು ತಿಳಿಯುವುದು ಹೇಗೆ? ‘ನೋಡಿದರೆ ತಿಳಿಯುತ್ತದೆ’ ಎನ್ನುವವರು ಒಣ ಸೀಮೆಯನ್ನು ಅರಿಯದವರು. ನಮ್ಮಲ್ಲಿ ಒಂದು ವರ್ಷ ರೋಹಿಣಿ, ಮೃಗಶಿರಾ ಸುರಿದರೆ ಬೋಳು ಗುಡ್ಡವೂ ಹಸಿರಾಗುತ್ತದೆ. ಮರುವರ್ಷ ಮಳೆ ಕೈಕೊಟ್ಟರೆ ಒಳ್ಳೆಯ ಗಾಯರಾಣವೂ ಬಣಬಣವೆನ್ನುತ್ತದೆ. ಹಸಿರಾದುದಕ್ಕೆ ಕಾರಣ ನಾವು ಮಾಡಿದ ಕೆಲಸವೋ, ಮಳೆರಾಯನ ಕೃಪೆಯೋ? ಇದನ್ನು ಬೇರ್ಪಡಿಸದೆ ಬರೆದ ವರದಿಗಳು ಕಾಗದಕ್ಕೆ ಕೇಡು. ಬೇರ್ಪಡಿಸುವ ಉಪಾಯ ಒಂದೇ: ತುಳಿದ ನೆಲದ ಪಕ್ಕದಲ್ಲಿಯೇ, ಅದೇ ಮಣ್ಣಿನ, ಅದೇ ಮಳೆಯ, ತುಳಿಯದ ಒಂದು ತುಂಡನ್ನು ಇಟ್ಟುಕೊಂಡು ಎರಡನ್ನೂ ಪ್ರತಿವರ್ಷ ಹೋಲಿಸುವುದು. ನಾನ್ನಜದ ಬೇಲಿಯು ಯಾರೂ ಉದ್ದೇಶಿಸದೆ ಈ ಕೆಲಸವನ್ನೂ ಮಾಡಿತು. ಬೇಲಿಯ ಒಳಗೂ ಹೊರಗೂ ಬಿದ್ದ ಮಳೆ ಒಂದೇ, ಹುಲ್ಲು ಮಾತ್ರ ಬೇರೆ.

ಅಮೆರಿಕದ ಭೂಸೈನ್ಯದವರು 1980ರ ದಶಕದಲ್ಲಿ ತಮ್ಮ ತಾಲೀಮು ಮೈದಾನಗಳಿಗಾಗಿ ಒಂದು ಕ್ರಮವನ್ನು ರೂಪಿಸಿದರು. ಮೈದಾನದ ತುಂಬ ಕಾಯಂ ತುಣುಕುಗಳನ್ನು ಗುರುತಿಸುವುದು. ಒಂದೊಂದು ತುಣುಕು ನೂರು ಮೀಟರು ಉದ್ದ, ಆರು ಮೀಟರು ಅಗಲ. ನಡುವೆ ನೂರು ಮೀಟರಿನ ಟೇಪು ಹಿಡಿದು ಪ್ರತಿ ಮೀಟರಿಗೆ ಒಂದು ಸಲಾಕೆ ಊರಿ, ಅದರ ತುದಿಗೆ ಏನು ತಗಲಿತು ಎಂದು ಬರೆಯುವುದು: ಬರಿ ಮಣ್ಣೇ, ಕಲ್ಲೇ, ಒಣಗಿದ ಕಸವೇ, ಹುಲ್ಲೇ, ಕಂಟಿಯೇ? ಗಾಲಿಯ ಗುರುತಿದೆಯೇ? ನೂರು ಬಿಂದುಗಳಾದ್ದರಿಂದ ಎಣಿಕೆಯೇ ಶೇಕಡಾ ಪ್ರಮಾಣ; ಭಾಗಾಕಾರವೂ ಬೇಡ. ಇದರ ಜೊತೆಗೆ ಒಂದೇ ಗೂಟದ ಬಳಿ ನಿಂತು ಒಂದೇ ದಿಕ್ಕಿಗೆ ವರ್ಷಕ್ಕೊಂದು ಛಾಯಾಚಿತ್ರ, ಮಣ್ಣಿನ ಗಟ್ಟಿತನ ನೋಡಲು ಕಬ್ಬಿಣದ ಸೂಜಿಯ ಉಪಕರಣ, ನೀರು ಇಂಗುವ ವೇಗ ನೋಡಲು ನೆಲದಲ್ಲಿ ಊರುವ ಒಂದು ಕಬ್ಬಿಣದ ಬಳೆ. ಇಷ್ಟೇ.

ಆಕಾಶದಿಂದ ನೋಡುವ ಕಣ್ಣು ಇನ್ನೊಂದು. 1988ರ ಮಾರ್ಚಿನಲ್ಲಿ ಐಆರ್‌ಎಸ್-1ಎ ಹಾರಿದಂದಿನಿಂದ ನಮ್ಮ ದೇಶದ ಉಪಗ್ರಹಗಳೇ ನಮ್ಮ ನೆಲವನ್ನು ನೋಡುತ್ತಿವೆ. ಹಸಿರೆಲೆಯು ಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಹಿಂದಕ್ಕೆ ಎಸೆಯುತ್ತದೆ. ಎರಡರ ಅಂತರದಿಂದ ಎಲ್ಲಿ ಎಷ್ಟು ಹಸಿರಿದೆ ಎಂದು ಅಳೆಯುತ್ತಾರೆ. ಇಸ್ರೋದ ಅಹಮದಾಬಾದ ಕೇಂದ್ರದವರು 2021ರಲ್ಲಿ ಪ್ರಕಟಿಸಿದ ನಕಾಶೆಗಳ ಪ್ರಕಾರ 2018–19ರಲ್ಲಿ ದೇಶದ ಶೇ. 29.77ರಷ್ಟು ಭೂಮಿ, ಅಂದರೆ 9 ಕೋಟಿ 78 ಲಕ್ಷ ಹೆಕ್ಟೇರಿಗೂ ಮೇಲೆ, ಸವಕಳಿಗೆ ಸಿಕ್ಕಿದೆ. ಆದರೆ ಉಪಗ್ರಹವನ್ನು ಕುರುಡಾಗಿ ನಂಬಬಾರದು. ಮಾಗಿದ ಸೇವಣವು ಹಳದಿಯಾಗಿರುತ್ತದೆ, ಅದಕ್ಕೆ ಅಂಕ ಕಡಿಮೆ. ಬಳ್ಳಾರಿ ಜಾಲಿಯು ವರ್ಷವಿಡೀ ಹಸಿರು, ಅದಕ್ಕೆ ಅಂಕ ಹೆಚ್ಚು. ಹುಲ್ಲಿನ ಬಯಲನ್ನು ಜಾಲಿ ನುಂಗಿದ್ದು ಆಕಾಶದಿಂದ ನೋಡಿದರೆ ಪ್ರಗತಿಯಂತೆ ಕಾಣುತ್ತದೆ! ಆದಕಾರಣ ನೆಲದ ಮೇಲೆ ನಡೆದಾಡಿ ಎಣಿಸುವವರು ಇಂದಿಗೂ ಬೇಕು.

ಮರಳಿ ಬದುಕಿಸುವ ಕೆಲಸದಲ್ಲಿ ಭಾರತದ ಅನುಭವ ಚಿಕ್ಕದಲ್ಲ. ಜೋಧಪುರದಲ್ಲಿ 1952ರಲ್ಲಿ ಮರುಭೂಮಿ ಅರಣ್ಯೀಕರಣದ ಸಂಶೋಧನಾ ಠಾಣ್ಯವಾಗಿ ಆರಂಭವಾಗಿ, 1959ರಲ್ಲಿ ಕೇಂದ್ರೀಯ ಶುಷ್ಕ ಪ್ರದೇಶ ಸಂಶೋಧನಾ ಸಂಸ್ಥೆಯಾದ ‘ಕಾಜರಿ’ಯು ಉಸುಕಿನ ದಿಬ್ಬಗಳನ್ನು ನಿಲ್ಲಿಸುವ ಪದ್ಧತಿಯನ್ನು ಬೆಳೆಸಿತು. ಮೊದಲು ಬೇಲಿ. ಬಳಿಕ ಖೀಂಪ್, ಸಿಣಿಯಾ, ಬಾರಿ ಕಂಟಿಗಳನ್ನು ಕಡಿದು ತಂದು, ಗಾಳಿಗೆ ಅಡ್ಡವಾಗಿ, ದಿಬ್ಬದ ನೆತ್ತಿಯಿಂದ ಬುಡದವರೆಗೆ ಕೆಲವು ಮೀಟರಿಗೊಂದು ಸಾಲಿನಂತೆ ಉಸುಕಿನಲ್ಲಿ ಹೂಳುವುದು. ಗಾಳಿಯ ಓಟ ಕಡಿಮೆಯಾಗಿ ಉಸುಕು ಅಲ್ಲಿಯೇ ಕೂಡುತ್ತದೆ. ಮಳೆ ಬಿದ್ದೊಡನೆ ಸಾಲುಗಳ ನಡುವೆ ಹುಲ್ಲಿನ ಬೀಜ, ಗಿಡದ ಸಸಿ. ನಮ್ಮ ಸೋಲಾಪುರದ ಒಣಬೇಸಾಯ ಸಂಶೋಧನಾ ಕೇಂದ್ರವು ವಿಜಾಪುರದ ಕೇಂದ್ರದೊಡನೆ 1933ರಲ್ಲಿಯೇ ಆರಂಭವಾಗಿ ಒಡ್ಡು, ಹರಗುವಿಕೆಗಳಿಂದ ತೇವವನ್ನು ಹಿಡಿದಿಡುವ ಪಾಠ ಹೇಳಿತ್ತು. ಎರಡರ ತತ್ವವೂ ಒಂದೇ, ಓಡುವುದನ್ನು ನಿಲ್ಲಿಸು.

ಸೈನ್ಯವೂ ಈ ಕೆಲಸಕ್ಕೆ ಇಳಿದದ್ದು ವಿಶೇಷ. 1982ರಲ್ಲಿ ಮಸ್ಸೂರಿಯ ಬೆಟ್ಟಗಳಿಗಾಗಿ ಮೊದಲ ಪರಿಸರ ಪಡೆಯನ್ನು, 1983ರಲ್ಲಿ ರಾಜಸ್ಥಾನಕ್ಕಾಗಿ 128ನೆಯ ಪ್ರಾದೇಶಿಕ ಸೇನೆಯ ಪರಿಸರ ಪಡೆಯನ್ನು ಎತ್ತಿದರು. ನಿವೃತ್ತ ಸೈನಿಕರೇ ಇದರ ಬಲ. ಇಂದಿರಾ ಗಾಂಧಿ ಕಾಲುವೆಯ ದಂಡೆಯಗುಂಟ ಇವರು ಗಿಡ ಹಚ್ಚಿ ಉಸುಕನ್ನು ತಡೆದರು. ಇಂಥದೇ ಪಡೆಯೊಂದು 2017ರ ಸುಮಾರಿಗೆ ನಮ್ಮ ನೆರೆಯ ಮರಾಠವಾಡೆಯ ಔರಂಗಾಬಾದಿನಲ್ಲಿಯೂ (ಈಗಿನ ಛತ್ರಪತಿ ಸಂಭಾಜಿನಗರ) ನೆಲೆಯೂರಿತು. ಬಂದೂಕು ಹಿಡಿದ ಕೈಗಳು ಸಲಿಕೆ ಹಿಡಿದದ್ದನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ಒಂದು ಮಾತು ಹೇಳಲೇಬೇಕು. ಆ ಕಾಲದ ಅರಣ್ಯೀಕರಣದಲ್ಲಿ ಬೇಗ ಬೆಳೆಯುತ್ತವೆಂದು ಇಸ್ರೇಲಿ ಬಾಬುಲ, ಬಳ್ಳಾರಿ ಜಾಲಿಗಳನ್ನು ಎಲ್ಲೆಡೆ ಹಚ್ಚಿದರು. ಜಾಲಿಯು ಹಚ್ಚಿದಲ್ಲಿ ನಿಲ್ಲದೆ ಗೋಮಾಳಗಳನ್ನೆಲ್ಲ ವ್ಯಾಪಿಸಿತು. ಹುಲ್ಲಿನ ಬಯಲಿಗೆ ಮರವೇ ಔಷಧವಲ್ಲ. ನಮ್ಮ ಕರ್ನಾಟಕದ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗದ ಬಯಲಿಗೆ ನೀಲಗಿರಿ ತುಂಬಿ ಎರೆಭೂತಕ್ಕೆ ನೆಲೆಯಿಲ್ಲದಂತಾದ ಕಥೆ ಇದಕ್ಕೆ ಸಾಕ್ಷಿ.

ಟ್ಯಾಂಕಿನ ಜಾಡಿಗೆ ಬೇಕಾದ ಚಿಕಿತ್ಸೆ ಸ್ವಲ್ಪ ಬೇರೆ. ಮೊದಲನೆಯದು ವಿಶ್ರಾಂತಿ: ಹೊಲವನ್ನು ಬೀಳು ಬಿಟ್ಟಂತೆ ಮೈದಾನವನ್ನು ಭಾಗ ಮಾಡಿ ಸರದಿಯಂತೆ ಬಿಡುವುದು. ಸದಾ ಓಡಾಡುವ ಹಾದಿಗೆ ಖಡಿ ಹಾಕಿ ಗಟ್ಟಿ ಮಾಡಿ, ಅಡ್ಡಹಾದಿಗಳನ್ನು ಮುಚ್ಚುವುದು. ಮುಚ್ಚಿದ ಹಾದಿಯನ್ನು ಆಳವಾಗಿ ಸೀಳಿ, ಸಣ್ಣ ಸಣ್ಣ ಕುಳಿ ತೆಗೆದು, ಒಣ ಟೊಂಗೆಗಳನ್ನು ನಿಲ್ಲಿಸಿ ಊರುವುದು. ಗಾಳಿ ತಂದ ಬೀಜವು ಅಲ್ಲಿ ತಂಗುತ್ತದೆ. ನೀರಿಗೆ ನಮ್ಮ ಹಿಂದಿನವರ ಉಪಾಯವೇ ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿಯೂ ಕೆಲಸಕ್ಕೆ ಬಂದಿದೆ: ಸಸಿಯ ಪಕ್ಕದಲ್ಲಿ ಸುಟ್ಟ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿ ನೀರು ತುಂಬುವುದು. ಗಡಿಗೆ ಜಿನುಗುತ್ತದೆ, ಬೇರು ಕುಡಿಯುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನದ ಕೃಷಿಗ್ರಂಥದಲ್ಲಿಯೂ ಇದರ ವರ್ಣನೆಯುಂಟು. ಆದರೆ ಗುಂಡಿನ ಮೈದಾನದಲ್ಲಿ ಗುದ್ದಲಿ ಹಾಕುವ ಮೊದಲು ಸಿಡಿಯದೆ ಉಳಿದ ಗುಂಡುಗಳನ್ನು ಹುಡುಕಿ ತೆಗೆಯಬೇಕು. ಹಿತ್ತಾಳೆ, ಕಬ್ಬಿಣದ ಚೂರಿಗಾಗಿ ಅಂಥ ಮೈದಾನಕ್ಕೆ ನುಗ್ಗಿ ಬಡವರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಸೈನ್ಯಕ್ಕೂ ಹುಲ್ಲಿಗೂ ಕನ್ನಡ ನಾಡಿನಲ್ಲಿ ಹಳೆಯ ಸಂಬಂಧವಿದೆ. ಮೈಸೂರಿನ ಅರಸರ ಬೆಣ್ಣೆ ಚಾವಡಿಯು ಹೈದರ, ಟಿಪ್ಪುವಿನ ಕಾಲದಲ್ಲಿ ಸೈನ್ಯದ ತೋಫು ಎಳೆಯುವ ಎತ್ತುಗಳ ಅಮೃತಮಹಲಾಗಿ ಬೆಳೆಯಿತು. ಆ ದನಗಳಿಗಾಗಿ ಕಾದಿಟ್ಟ ಕಾವಲುಗಳೇ ಇಂದು ನಾಡಿನಲ್ಲಿ ಉಳಿದ ಹುಲ್ಲುಗಾವಲು. ಅವುಗಳಲ್ಲೊಂದಾದ ಚಳ್ಳಕೆರೆಯ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಗೊಂಡಿತು. ಸೈನ್ಯಕ್ಕಾಗಿ ಕಾದ ಹುಲ್ಲು ಮತ್ತೆ ಸೈನ್ಯದ ಕೆಲಸಕ್ಕೇ ಹೋಯಿತು. ನಡುವೆ ಅದನ್ನು ನಂಬಿದ್ದ ಕುರಿಯವರು ಹೊರಗುಳಿದರು.

ಇನ್ನು ನಮ್ಮ ಮಾಳದ ಮಾತು. ಇಲ್ಲಿ ಟ್ಯಾಂಕು ಓಡಿಲ್ಲ. ಆದರೆ ಮುರುಮು ತೆಗೆದ ತಗ್ಗುಗಳಿವೆ, ಟಿಪ್ಪರು ಓಡಾಡಿದ ಜಾಡುಗಳಿವೆ, ಕಬ್ಬು ಹೇರಿದ ಟ್ರ್ಯಾಕ್ಟರು ಹಾದಿ ಬಿಟ್ಟು ತಿರುಗಿದ ಗುರುತುಗಳಿವೆ. ನಾನು ವಿದ್ಯಾರ್ಥಿಯಾಗಿದ್ದಾಗ ಸಾಲೆ ಬಿಟ್ಟೊಡನೆ ಬಾರಿಹಣ್ಣಿಗೆ ಹೋಗುತ್ತಿದ್ದ ಜಾಗದಲ್ಲಿ ಒಂದು ಯೋಜನೆಯವರು ಬಂದು ಗುಂಡಿ ತೋಡಿ ಗಿಡ ಹಚ್ಚಿ ಫೋಟೋ ತೆಗೆಸಿಕೊಂಡು ಹೋದರು. ಗಿಡ ಬದುಕಲಿಲ್ಲ, ಗುಂಡಿಗಳು ಮಾತ್ರ ಬಹಳ ವರ್ಷ ಉಳಿದಿದ್ದವು. ಬದುಕಿತೋ ಇಲ್ಲವೋ ಎಂದು ಎಣಿಸಲು ಯಾರೂ ತಿರುಗಿ ಬರಲಿಲ್ಲವೆಂಬುದೇ ನನಗೆ ಹೆಚ್ಚು ಕೆಡುಕೆನಿಸಿತು.

ಆ ಎಣಿಕೆಯನ್ನು ನಮ್ಮ ಶಾಲೆಯ ಮಕ್ಕಳು ಮಾಡಬಲ್ಲರು. ಬೇಕಾಗುವುದು ನೂರು ಮೀಟರಿನ ಒಂದು ಹಗ್ಗ, ಮೀಟರಿಗೊಂದರಂತೆ ಅದಕ್ಕೆ ಬಣ್ಣದ ಗುರುತು, ಒಂದು ಸಲಾಕೆ, ಒಂದು ವಹಿ. ತುಳಿದ ನೆಲದಲ್ಲಿ ಒಂದು ಸಾಲು, ತುಳಿಯದ ನೆಲದಲ್ಲಿ ಒಂದು ಸಾಲು. ನಾಲ್ಕೂ ತುದಿಗಳಿಗೆ ಕಲ್ಲು ನೆಟ್ಟು ಸುಣ್ಣ ಬಳಿಯಬೇಕು. ವರ್ಷಕ್ಕೆ ಎರಡು ಸಲ, ದಸರೆಯ ಸೂಟಿಗೆ ಮೊದಲು ಒಮ್ಮೆ, ಬೇಸಿಗೆಯ ಸೂಟಿಗೆ ಮೊದಲು ಒಮ್ಮೆ, ಏಳನೆಯ ಇಯತ್ತೆಯವರು ಹೋಗಿ ಬಿಂದು ಎಣಿಸಲಿ. ಆ ವರ್ಷದ ಮಳೆಯ ಅಂಕಿಯನ್ನು ಪಕ್ಕದಲ್ಲಿ ಬರೆಯಲಿ. ಗುರುಗಳು ರುಜು ಹಾಕಿ ವಹಿಯನ್ನು ಹಾಜರಿಪಟದ ಜೊತೆ ಕಪಾಟಿನಲ್ಲಿಡಲಿ. ಹಗ್ಗವು ನೈಲಾನಿನದೇ ಇರಲಿ. ನಾರಿನ ಹಗ್ಗ ತೋಯ್ದರೆ ಕುಗ್ಗಿ ಅಳತೆ ತಪ್ಪುತ್ತದೆ.